ಕೆಲಸಕ್ಕೊಂದು ಕೈಗಡಿಯಾರ



ಗಂಟೆ ಎಷ್ಟಾಯಿತು ಎಂದು ತಿಳಿಯಲು ಇಂದು ಯಾರೂ ಹಣ ಕೊಡಬೇಕಾಗಿಲ್ಲ. ಜೇಬಿನಲ್ಲಿ ಮೊಬೈಲ್ ಇದೆ. ಬಸ್ ನಿಲ್ದಾಣದಲ್ಲಿ, ಬ್ಯಾಂಕಿನಲ್ಲಿ, ಅಡುಗೆಮನೆಯ ಗೋಡೆಯ ಮೇಲೆ ಗಡಿಯಾರವಿದೆ. ರೇಡಿಯೊ ಹಾಕಿದರೆ ನಾವೇ ಸಮಯ ಹೇಳುತ್ತೇವೆ. ಆದರೂ ಲಕ್ಷಾಂತರ ರೂಪಾಯಿ ಕೊಟ್ಟು ಕೈಗಡಿಯಾರ ಕೊಳ್ಳುವವರು ಇದ್ದಾರೆ. ಅವರಲ್ಲಿ ವೈದ್ಯರು, ವಕೀಲರು, ವಿಮಾನ ಚಾಲಕರು, ಎಂಜಿನಿಯರುಗಳು, ವ್ಯಾಪಾರಸ್ಥರು ಎಲ್ಲರೂ ಸೇರಿದ್ದಾರೆ. ಆದರೆ ಎಲ್ಲರ ಆಯ್ಕೆಯೂ ಒಂದೇ ಅಲ್ಲ. ವಕೀಲರು ಮೆಚ್ಚುವ ವಾಚು ಬೇರೆ, ಪೈಲಟ್ ಮೆಚ್ಚುವ ವಾಚು ಬೇರೆ.

ಏಕೆ ಹೀಗೆ? ಬರೀ ಶೋಕಿ ಎಂದು ಹೇಳಿ ಮಾತು ಮುಗಿಸಿಬಿಡಬಹುದು. ಆದರೆ ಅದು ಅರ್ಧ ಉತ್ತರ. ಇಂದು ಐಷಾರಾಮಿ ಎನಿಸಿಕೊಂಡಿರುವ ಹೆಸರಾಂತ ವಾಚುಗಳಲ್ಲಿ ಅನೇಕವು ಯಾವುದೋ ಒಂದು ವೃತ್ತಿಯವರ ತೊಂದರೆ ನೀಗಿಸಲು ಹುಟ್ಟಿದವು. ಆ ತೊಂದರೆ ಈಗ ಬಹುಮಟ್ಟಿಗೆ ಉಳಿದಿಲ್ಲ. ಆ ವೃತ್ತಿಯ ಗೌರವ ಮಾತ್ರ ವಾಚಿಗೆ ಅಂಟಿಕೊಂಡು ಬಂದಿದೆ. ಜನ ದುಡ್ಡು ಕೊಡುವುದು ಆ ಗೌರವಕ್ಕೆ. ಇಂದಿನ ನನ್ನ ಮಾತಿನ ತಿರುಳು ಇಷ್ಟು. ಇನ್ನು ಒಂದೊಂದೇ ವೃತ್ತಿಯನ್ನು ನೋಡೋಣ.

ಮೊದಲು ವಿಮಾನದವರು.

ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಗಂಡಸರ ಗಡಿಯಾರ ಇರುತ್ತಿದ್ದುದು ಕೋಟಿನ ಜೇಬಿನಲ್ಲಿ. ಸರಪಳಿ ಹಿಡಿದು ಹೊರಗೆಳೆಯಬೇಕು, ಮುಚ್ಚಳ ತೆರೆಯಬೇಕು, ನೋಡಿ ಮತ್ತೆ ಒಳಗಿಡಬೇಕು. ಕೈಗೆ ಕಟ್ಟುವ ಗಡಿಯಾರವನ್ನು ಹೆಂಗಸರ ಒಡವೆ ಎಂದೇ ಎಣಿಸುತ್ತಿದ್ದರು. ಆಗ ಪ್ಯಾರಿಸ್ಸಿನಲ್ಲಿ ಆಲ್ಬರ್ಟೊ ಸಾಂತೋಸ್ ಡ್ಯೂಮೊ ಎಂಬ ಬ್ರೆಜಿಲ್ ದೇಶದ ಸಾಹಸಿಯಿದ್ದರು. ತಾವೇ ಕಟ್ಟಿದ ವಾಯುನೌಕೆಗಳಲ್ಲಿ ನಗರದ ಮೇಲೆ ಹಾರುತ್ತಿದ್ದರು. ಹಾರುವಾಗ ಎರಡೂ ಕೈಗಳಿಗೆ ಕೆಲಸ. ಜೇಬಿಗೆ ಕೈ ಹಾಕಲು ಬಿಡುವೆಲ್ಲಿ? ಈ ತೊಂದರೆಯನ್ನು ಅವರು ಗೆಳೆಯ ಲೂಯಿ ಕಾರ್ಟಿಯೆ ಅವರಲ್ಲಿ ಹೇಳಿಕೊಂಡರು. ಒಡವೆ ವ್ಯಾಪಾರದ ಮನೆತನದ ಕಾರ್ಟಿಯೆ 1904ರಲ್ಲಿ ಗೆಳೆಯನಿಗಾಗಿ ಚೌಕಾಕಾರದ ಒಂದು ಗಡಿಯಾರ ಮಾಡಿಸಿ, ಚರ್ಮದ ಪಟ್ಟಿ ಹಾಕಿ ಕೈಗೆ ಕಟ್ಟಿಕೊಳ್ಳಲು ಕೊಟ್ಟರು. ಅದೇ ವಿನ್ಯಾಸದ ವಾಚು ಇಂದಿಗೂ ಸಾಂತೋಸ್ ಎಂಬ ಹೆಸರಿನಲ್ಲಿ ಮಾರಾಟವಾಗುತ್ತಿದೆ.

ಹತ್ತು ವರ್ಷ ಕಳೆಯಿತು. ಮೊದಲ ಮಹಾಯುದ್ಧ ಬಂತು. ಕಂದಕದಲ್ಲಿ ನಿಂತ ಅಧಿಕಾರಿಗೆ ಸಮಯವೇ ಪ್ರಾಣ. ಹಿಂದಿನಿಂದ ನಮ್ಮವರದೇ ಫಿರಂಗಿ ಗುಂಡು ಹಾರಿಸುತ್ತಿರುತ್ತದೆ. ಅದು ನಿಂತ ನಿಮಿಷದಲ್ಲೇ ಮುಂದೆ ನುಗ್ಗಬೇಕು. ಒಂದು ನಿಮಿಷ ಮೊದಲು ಎದ್ದರೆ ನಮ್ಮವರ ಗುಂಡಿಗೇ ಬಲಿ. ಒಂದು ನಿಮಿಷ ತಡವಾದರೆ ಶತ್ರು ಸಿದ್ಧನಾಗಿರುತ್ತಾನೆ. ಹಾಗಾಗಿ ದಾಳಿಗೆ ಮುಂಚೆ ಅಧಿಕಾರಿಗಳೆಲ್ಲ ತಮ್ಮ ವಾಚುಗಳನ್ನು ಒಂದೇ ಸಮಯಕ್ಕೆ ಹೊಂದಿಸಿಕೊಳ್ಳುತ್ತಿದ್ದರು. ಯುದ್ಧ ಮುಗಿದು ಅವರು ಮನೆಗೆ ಮರಳಿದಾಗ ಕೈಗಡಿಯಾರ ಹೆಂಗಸರ ಒಡವೆಯಾಗಿ ಉಳಿದಿರಲಿಲ್ಲ. ಅದು ಕರ್ತವ್ಯ ಮಾಡಿ ಬಂದವರ ಗುರುತಾಗಿತ್ತು.

ಇಲ್ಲಿಯವರೆಗೆ ಹೇಳಿದ್ದು ಇದು. ಎರಡೂ ಕೈಗೆ ಕೆಲಸವಿದ್ದವರು ಗಡಿಯಾರವನ್ನು ಜೇಬಿನಿಂದ ಮುಂಗೈಗೆ ತಂದರು. ಮುಂದಿನ ಹಂತದಲ್ಲಿ ಒಂದೊಂದು ವೃತ್ತಿಯೂ ತನಗೆ ಬೇಕಾದ ಹೊಸ ಗುಣವನ್ನು ಗಡಿಯಾರದಲ್ಲಿ ಕೇಳತೊಡಗಿತು.

1950ರ ದಶಕದಲ್ಲಿ ವಿಮಾನಗಳು ಸಾಗರ ದಾಟಿ ಖಂಡದಿಂದ ಖಂಡಕ್ಕೆ ಹಾರತೊಡಗಿದವು. ನ್ಯೂಯಾರ್ಕಿನಲ್ಲಿ ಹೊತ್ತು ಮುಳುಗುವಾಗ ಲಂಡನ್ನಿನಲ್ಲಿ ನಡುರಾತ್ರಿ ಹತ್ತಿರ. ಪೈಲಟ್‌ಗೆ ಎರಡೂ ಊರಿನ ಸಮಯ ಒಟ್ಟಿಗೆ ಬೇಕು. ಅಮೆರಿಕದ ಪ್ಯಾನ್ ಆಮ್ ವಿಮಾನ ಸಂಸ್ಥೆಯ ಚಾಲಕರನ್ನು ಮನಸ್ಸಿನಲ್ಲಿಟ್ಟುಕೊಂಡು ರೋಲೆಕ್ಸ್ ಕಂಪನಿ ಜಿಎಂಟಿ ಮಾಸ್ಟರ್ ಎಂಬ ವಾಚನ್ನು ತಂದಿತು. ಅದರಲ್ಲಿ ನಾಲ್ಕು ಮುಳ್ಳು. ಮೂರು ಮುಳ್ಳು ಎಲ್ಲ ವಾಚಿನಲ್ಲಿರುವಂಥವೇ. ನಾಲ್ಕನೆಯದು ದಿನಕ್ಕೆ ಒಂದೇ ಸುತ್ತು ಬರುತ್ತದೆ. ಗಾಜಿನ ಸುತ್ತ ಒಂದು ಬಳೆಯಿದೆ. ಅದರ ಅರ್ಧ ಭಾಗ ಕೆಂಪು, ಅರ್ಧ ನೀಲಿ. ಕೆಂಪು ಎಂದರೆ ಹಗಲು, ನೀಲಿ ಎಂದರೆ ರಾತ್ರಿ. ನಾಲ್ಕನೆಯ ಮುಳ್ಳು ಯಾವ ಬಣ್ಣದ ಕಡೆಗಿದೆ ಎಂದು ನೋಡಿದರೆ ದೂರದ ಊರಿನಲ್ಲಿ ಹಗಲೋ ಇರುಳೋ ತಿಳಿಯುತ್ತದೆ. ಇಂದು ಈ ವಾಚಿನ ಮೇಲೆ ಕಣ್ಣಿಟ್ಟವರಲ್ಲಿ ದೇಶದೇಶಕ್ಕೆ ಓಡಾಡುವ ಕಂಪನಿ ಅಧಿಕಾರಿಗಳೂ ಇದ್ದಾರೆ. ಅವರ ಕೆಲಸಕ್ಕೂ ಎರಡು ಊರಿನ ಸಮಯ ಬೇಕು.

ಇನ್ನು ನೀರಿಗಿಳಿಯುವವರು. ಮುಳುಗುಗಾರರ ಬೆನ್ನಿಗೆ ಕಟ್ಟಿದ ಸಿಲಿಂಡರಿನಲ್ಲಿ ಗಾಳಿ ಇಷ್ಟೇ ಹೊತ್ತಿಗೆ ಎಂದು ಲೆಕ್ಕವಿದೆ. 1953ರಲ್ಲಿ ಫ್ರಾನ್ಸಿನ ನೌಕಾಪಡೆಯ ಮುಳುಗುಗಾರರಿಗಾಗಿ ಬ್ಲಾಂಪಾ ಕಂಪನಿ ಫಿಫ್ಟಿ ಫ್ಯಾದಮ್ಸ್ ಎಂಬ ವಾಚು ಮಾಡಿತು. ಸುಮಾರು 90 ಮೀಟರ್ ಆಳದಲ್ಲೂ ಅದಕ್ಕೆ ನೀರು ನುಗ್ಗುತ್ತಿರಲಿಲ್ಲ. ರೋಲೆಕ್ಸ್ ಕಂಪನಿಯ ಸಬ್‌ಮರೀನರ್ ಕೂಡ ಅದೇ ಕಾಲದ್ದು.

ಮುಳುಗುಗಾರರ ವಾಚಿನ ಒಂದು ಭಾಗವನ್ನು ಮಾತ್ರ ನಿಮಗೆ ಬಿಡಿಸಿ ಹೇಳುತ್ತೇನೆ. ಗಾಜಿನ ಸುತ್ತ ತಿರುಗಿಸಬಹುದಾದ ಒಂದು ಬಳೆಯಿದೆ. ಬಳೆಯ ಮೇಲೆ ಒಂದು ಚುಕ್ಕೆ. ನೀರಿಗೆ ಇಳಿಯುವ ಮುಂಚೆ ಬಳೆಯನ್ನು ತಿರುಗಿಸಿ ಆ ಚುಕ್ಕೆಯನ್ನು ನಿಮಿಷದ ಮುಳ್ಳಿಗೆ ಎದುರಾಗಿ ನಿಲ್ಲಿಸಬೇಕು. ಆಮೇಲೆ ಮುಳ್ಳು ಚುಕ್ಕೆಯಿಂದ ಎಷ್ಟು ದೂರ ಸರಿದಿದೆಯೋ ನೀರಿನೊಳಗೆ ಅಷ್ಟು ನಿಮಿಷ ಕಳೆದಿದೆ. ಸರಳವಾದ ಉಪಾಯ. ಆದರೆ ಬಂಡೆಗೆ ಕೈ ತಾಗಿ ಬಳೆ ತಿರುಗಿಬಿಟ್ಟರೆ? ಅದಕ್ಕಾಗಿಯೇ ಇಂದಿನ ವಾಚುಗಳಲ್ಲಿ ಆ ಬಳೆ ಒಂದೇ ದಿಕ್ಕಿಗೆ, ಎಡಕ್ಕೆ ಮಾತ್ರ ತಿರುಗುತ್ತದೆ. ಅಕಸ್ಮಾತ್ ಜರುಗಿದರೂ ಹೆಚ್ಚು ಹೊತ್ತು ಕಳೆದಂತೆ ತೋರಿಸುತ್ತದೆ. ಮುಳುಗುಗಾರ ಬೇಗ ಮೇಲೆ ಬರುತ್ತಾನೆ. ವಾಚು ತಪ್ಪಿದರೂ ಪ್ರಾಣ ಉಳಿಯುವ ಕಡೆಗೇ ತಪ್ಪಬೇಕು. ಈ ಎಚ್ಚರಿಕೆ ಸಮುದ್ರದಲ್ಲಿ ದುಡಿದವರ ಅನುಭವದಿಂದ ಬಂದದ್ದು.

ಹಾರುವವರಿಗೆ ಎರಡು ಊರಿನ ಸಮಯ, ಮುಳುಗುವವರಿಗೆ ಉಳಿದ ಗಾಳಿಯ ಲೆಕ್ಕ. ಇಷ್ಟು ಆಯಿತು. ಈಗ ಆಸ್ಪತ್ರೆಗೆ, ಪ್ರಯೋಗಾಲಯಕ್ಕೆ ಬರೋಣ.

ಹಿಂದಿನ ಕಾಲದ ವೈದ್ಯರಿಗೆಂದೇ ಒಂದು ಬಗೆಯ ವಾಚು ಬರುತ್ತಿತ್ತು. ಡಯಲಿನ ಅಂಚಿನಲ್ಲಿ ಸಾಲಾಗಿ ಅಂಕಿಗಳು. ಅವು ನಾಡಿಬಡಿತದ ಅಂಕಿಗಳು. ರೋಗಿಯ ನಾಡಿ ಬೆರಳಿಗೆ ಸಿಕ್ಕಿದೊಡನೆ ವೈದ್ಯರು ವಾಚಿನ ಪಕ್ಕದ ಗುಂಡಿ ಒತ್ತುತ್ತಾರೆ. ಸೆಕೆಂಡಿನ ಮುಳ್ಳು ಓಡತೊಡಗುತ್ತದೆ. ಮೂವತ್ತು ಬಡಿತ ಎಣಿಸಿ ಮತ್ತೆ ಒತ್ತುತ್ತಾರೆ. ಮುಳ್ಳು ನಿಲ್ಲುತ್ತದೆ. ಮೂವತ್ತು ಬಡಿತಕ್ಕೆ 25 ಸೆಕೆಂಡು ಹಿಡಿದಿದ್ದರೆ ಮುಳ್ಳಿನ ತುದಿ 72ರ ಮೇಲಿರುತ್ತದೆ. ನಿಮಿಷಕ್ಕೆ 72 ಬಡಿತ. ಗುಣಿಸುವ, ಭಾಗಿಸುವ ಗೋಜಿಲ್ಲ. ಪೂರ್ತಿ ಒಂದು ನಿಮಿಷ ಕಾಯಬೇಕಾಗಿಯೂ ಇಲ್ಲ.

ವಿಜ್ಞಾನಿಗಳ ಕಷ್ಟ ಬೇರೆ. ಗಡಿಯಾರದ ಒಳಗೆ ಕೂದಲೆಳೆಯಷ್ಟು ತೆಳುವಾದ ಸುರುಳಿ ಸ್ಪ್ರಿಂಗ್ ಇರುತ್ತದೆ. ಬಲವಾದ ಅಯಸ್ಕಾಂತದ ಹತ್ತಿರ ಹೋದರೆ ಅದರ ಸುತ್ತುಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ವಾಚು ಹುಚ್ಚುಹುಚ್ಚಾಗಿ ಓಡುತ್ತದೆ, ಇಲ್ಲವೇ ನಿಲ್ಲುತ್ತದೆ. ದೊಡ್ಡ ವಿದ್ಯುತ್ ಯಂತ್ರಗಳ ಬಳಿ ಕೆಲಸ ಮಾಡುವ ಎಂಜಿನಿಯರುಗಳಿಗೆ, ಭೌತವಿಜ್ಞಾನಿಗಳಿಗೆ ಇದು ದಿನನಿತ್ಯದ ಕಾಟ. 1950ರ ದಶಕದ ನಡುವಿನಲ್ಲಿ ಐಡಬ್ಲ್ಯುಸಿ ಕಂಪನಿಯ ಇಂಜೆನಿಯರ್, ರೋಲೆಕ್ಸ್ ಕಂಪನಿಯ ಮಿಲ್‌ಗಾಸ್ ಎಂಬ ವಾಚುಗಳು ಬಂದವು. ಯಂತ್ರಭಾಗವನ್ನು ಮೆದು ಕಬ್ಬಿಣದ ಒಂದು ಒಳಕವಚದಲ್ಲಿ ಮುಚ್ಚಿದರು. ಕಾಂತಶಕ್ತಿ ಆ ಕಬ್ಬಿಣದಲ್ಲೇ ಹರಿದುಹೋಗುತ್ತದೆ, ಒಳಗಿನ ಸ್ಪ್ರಿಂಗನ್ನು ಮುಟ್ಟುವುದಿಲ್ಲ. ಮಿಲ್‌ಗಾಸ್ ವಾಚು ಭೂಮಿಯ ಸಹಜ ಕಾಂತಶಕ್ತಿಯ ಸುಮಾರು ಎರಡು ಸಾವಿರ ಪಟ್ಟನ್ನು ತಡೆಯುತ್ತಿತ್ತು.

ಆಕಾಶ, ಸಮುದ್ರ, ಆಸ್ಪತ್ರೆ, ಪ್ರಯೋಗಾಲಯ ನೋಡಿದೆವು. ಒಂದು ವೃತ್ತಿಗೆಂದು ಮಾಡಿದ ವಾಚು ಇನ್ನೊಂದು ವೃತ್ತಿಯ ಕೈಗೆ ಹೋಗಿ ಹೆಸರು ಮಾಡಿದ್ದೂ ಉಂಟು. ಅದನ್ನು ಈಗ ಕೇಳಿ.

1957ರಲ್ಲಿ ಒಮೇಗಾ ಕಂಪನಿ ಸ್ಪೀಡ್‌ಮಾಸ್ಟರ್ ಎಂಬ ವಾಚು ತಂದಿತು. ಅದು ಕಾರ್ ರೇಸಿನವರಿಗಾಗಿ ಮಾಡಿದ್ದು. ಒಂದು ಕಿಲೋಮೀಟರ್ ಓಡಲು 30 ಸೆಕೆಂಡು ಹಿಡಿದರೆ ಗಂಟೆಗೆ 120 ಕಿಲೋಮೀಟರ್ ವೇಗ ಎಂದು ಅದರ ಅಂಚಿನ ಅಂಕಿಯೇ ಹೇಳುತ್ತಿತ್ತು. 1960ರ ದಶಕದಲ್ಲಿ ಅಮೆರಿಕದ ನಾಸಾ ಸಂಸ್ಥೆಗೆ ಗಗನಯಾತ್ರಿಗಳ ಕೈಗೆ ಒಂದು ವಾಚು ಬೇಕಾಯಿತು. ಕೆಲವು ಕಂಪನಿಗಳ ವಾಚುಗಳನ್ನು ತಂದು ಕಾಯಿಸಿದರು, ಕೊರೆಯುವ ಚಳಿಯಲ್ಲಿಟ್ಟರು, ಗಾಳಿಯಿಲ್ಲದ ಪೆಟ್ಟಿಗೆಯಲ್ಲಿಟ್ಟರು, ಕುಲುಕಿದರು, ಹೊಡೆತ ಕೊಟ್ಟರು. ಎಲ್ಲವನ್ನೂ ತಾಳಿ ನಡೆದದ್ದು ಸ್ಪೀಡ್‌ಮಾಸ್ಟರ್. 1965ರಲ್ಲಿ ನಾಸಾ ಅದಕ್ಕೆ ಒಪ್ಪಿಗೆ ಕೊಟ್ಟಿತು. 1969ರಲ್ಲಿ ಬಝ್ ಆಲ್ಡ್ರಿನ್ ಚಂದ್ರನ ಮೇಲೆ ನಡೆದಾಗ ಅವರ ಕೈಯಲ್ಲಿದ್ದದ್ದು ಅದೇ.

ಮರುವರ್ಷ, 1970ರ ಏಪ್ರಿಲ್‌ನಲ್ಲಿ, ಅಪೊಲೊ 13 ಗಗನನೌಕೆಯ ಆಮ್ಲಜನಕದ ತೊಟ್ಟಿ ಸ್ಫೋಟಿಸಿತು. ವಿದ್ಯುತ್ ಉಳಿಸಲು ಉಪಕರಣಗಳನ್ನು ಆರಿಸಬೇಕಾಯಿತು. ಭೂಮಿಗೆ ಮರಳುವ ದಾರಿಯನ್ನು ಸ್ವಲ್ಪ ತಿದ್ದಬೇಕಿತ್ತು. ಅದಕ್ಕೆ ಎಂಜಿನ್ ಉರಿಸಬೇಕಾದದ್ದು 14 ಸೆಕೆಂಡು ಮಾತ್ರ. ಆ ಹೊತ್ತನ್ನು ಗಗನಯಾತ್ರಿ ಜಾಕ್ ಸ್ವಿಗರ್ಟ್ ತಮ್ಮ ಕೈಯ ವಾಚು ನೋಡಿ ಅಳೆದರು. ನೌಕೆಯಲ್ಲಿದ್ದ ಮೂವರೂ ಜೀವಂತವಾಗಿ ಮರಳಿದರು. ಇಂಥ ಚರಿತ್ರೆಯಿರುವ ವಾಚನ್ನು ಒಬ್ಬ ಎಂಜಿನಿಯರ್ ಆಸೆಪಟ್ಟು ಕೊಂಡರೆ ಅದನ್ನು ಬರೀ ಶೋಕಿ ಎನ್ನಲು ನನಗೆ ಮನಸ್ಸು ಬಾರದು.

ನಮ್ಮ ದೇಶದ ನೆಲದಲ್ಲಿ ಹುಟ್ಟಿದ ಬೇಡಿಕೆಯೂ ಒಂದಿದೆ. ಬ್ರಿಟಿಷರ ಕಾಲದಲ್ಲಿ ಇಲ್ಲಿದ್ದ ಸೇನಾಧಿಕಾರಿಗಳು ಪೋಲೊ ಆಡುತ್ತಿದ್ದರು. ಕುದುರೆ ಮೇಲೆ ಕುಳಿತು ಉದ್ದನೆಯ ಕೋಲಿನಿಂದ ಚೆಂಡು ಹೊಡೆಯುವ ಆಟ. ಆಟದ ಭರದಲ್ಲಿ ಕೈಗಡಿಯಾರದ ಗಾಜು ಒಡೆಯುತ್ತಿತ್ತು. ಅವರ ದೂರು ಸ್ವಿಟ್ಜರ್ಲೆಂಡಿಗೆ ತಲುಪಿತು. 1931ರಲ್ಲಿ ರಿವರ್ಸೊ ಎಂಬ ವಾಚು ಬಂತು. ಜೇಜರ್ ಲಕೂಲ್ಟ್ರ್ ಎಂಬ ಕಂಪನಿ ಇಂದಿಗೂ ಅದನ್ನು ಮಾಡುತ್ತಿದೆ. ಅದರ ಆಕಾರ ಆಯತ. ಗಡಿಯಾರದ ಭಾಗವನ್ನು ಚೌಕಟ್ಟಿನಲ್ಲಿ ಪಕ್ಕಕ್ಕೆ ಜಾರಿಸಿ ದೋಸೆ ಮಗುಚಿದ ಹಾಗೆ ಮಗುಚಬಹುದು. ಗಾಜು ಒಳಗಾಗುತ್ತದೆ, ಲೋಹದ ಬೆನ್ನು ಹೊರಗೆ ಬರುತ್ತದೆ. ಆಟ ಮುಗಿದ ಮೇಲೆ ಮತ್ತೆ ಮಗುಚಿದರಾಯಿತು. ಆ ಲೋಹದ ಬೆನ್ನ ಮೇಲೆ ಹೆಸರು, ಮನೆತನದ ಲಾಂಛನ ಕೆತ್ತಿಸುವ ರೂಢಿ ಬೆಳೆಯಿತು. ಪೆಟ್ಟು ತಾಳಲು ಮಾಡಿದ ಜಾಗ ಅಲಂಕಾರದ ಜಾಗವಾಯಿತು.

ಶ್ರೋತೃಗಳೇ, ಇಷ್ಟರವರೆಗೆ ಕೇಳಿದ್ದು ವಾಚು ನಿಜವಾಗಿ ಕೆಲಸಕ್ಕೆ ಬೇಕಾಗಿದ್ದ ಕಾಲದ ಕಥೆ. ಆ ಕಾಲ ಮುಗಿದದ್ದು ಹೇಗೆ?

1969ರ ಡಿಸೆಂಬರ್ 25ರಂದು ಜಪಾನಿನ ಸೀಕೊ ಕಂಪನಿ ಟೋಕಿಯೊದಲ್ಲಿ ಮೊದಲ ಕ್ವಾರ್ಟ್ಜ್ ಕೈಗಡಿಯಾರವನ್ನು ಮಾರಾಟಕ್ಕಿಟ್ಟಿತು. ಸೆಲ್ಲಿನಿಂದ ನಡೆಯುವ ವಾಚು. ತಿಂಗಳಿಗೆ ಐದೇ ಸೆಕೆಂಡಿನ ವ್ಯತ್ಯಾಸ. ಅದೇ ಹೊತ್ತಿಗೆ ಸ್ವಿಟ್ಜರ್ಲೆಂಡಿನ ಒಳ್ಳೆಯ ಕೀ ವಾಚು ದಿನಕ್ಕೇ ನಾಲ್ಕಾರು ಸೆಕೆಂಡು ಹಿಂದೆ ಮುಂದೆ ಆಗುತ್ತಿತ್ತು. ಆ ಮೊದಲ ಕ್ವಾರ್ಟ್ಜ್ ವಾಚಿಗೆ ಒಂದು ಸಣ್ಣ ಕಾರಿನ ಬೆಲೆ. ಆದರೆ ಕೆಲವೇ ವರ್ಷಗಳಲ್ಲಿ ಬೆಲೆ ನೆಲಕ್ಕಿಳಿಯಿತು. 1970ರ ಸುಮಾರಿಗೆ ಸ್ವಿಟ್ಜರ್ಲೆಂಡಿನ ವಾಚು ಉದ್ಯಮದಲ್ಲಿ ಸುಮಾರು 90 ಸಾವಿರ ಜನ ದುಡಿಯುತ್ತಿದ್ದರು. ಒಂದೂವರೆ ದಶಕದಲ್ಲಿ ಆ ಸಂಖ್ಯೆ ಮೂರನೆಯ ಒಂದು ಭಾಗಕ್ಕೆ ಕುಸಿಯಿತು. ಸಮಯದ ನಿಖರತೆಯಲ್ಲಿ ಅಗ್ಗದ ವಾಚು ದುಬಾರಿ ವಾಚನ್ನು ಸೋಲಿಸಿತು.

ಆದರೂ ಕೀ ವಾಚು ಸಾಯಲಿಲ್ಲ. ಜನ ಅದನ್ನು ಬೇರೆ ಕಾರಣಕ್ಕೆ ಕೊಳ್ಳತೊಡಗಿದರು. ನನಗೆ ಕಾಣುವಂತೆ ಮುಖ್ಯ ಕಾರಣಗಳು ಮೂರು.

ಮೊದಲ ಕಾರಣ, ಎದುರಿಗೆ ಕುಳಿತವರ ವಿಶ್ವಾಸ. ವಕೀಲರು, ಲೆಕ್ಕಪರಿಶೋಧಕರು, ಬ್ಯಾಂಕಿನ ಸಲಹೆಗಾರರು ಬೇರೆಯವರ ಹಣ, ಬೇರೆಯವರ ಮಾನ ಕಾಯುವವರು. ಅವರ ಕೆಲಸಕ್ಕೆ ಅಬ್ಬರ ಒಗ್ಗದು. ಪಟೇಕ್ ಫಿಲಿಪ್ ಕಂಪನಿಯ ಕಲಟ್ರಾವ ಎಂಬ ವಾಚು 1932ರದು. ದುಂಡನೆಯ, ತೆಳ್ಳನೆಯ ವಾಚು. ಅಂಗಿಯ ತೋಳಿನ ಕೆಳಗೆ ಸಲೀಸಾಗಿ ಅಡಗುತ್ತದೆ. ಬಲ್ಲವರಿಗೆ ಅದರ ಬೆಲೆ ಗೊತ್ತು, ಉಳಿದವರ ಕಣ್ಣು ಅದರ ಮೇಲೆ ಬೀಳುವುದೇ ಇಲ್ಲ. ಇಂಥ ಕಸುಬಿನವರಿಗೆ ಬೇಕಾದದ್ದೂ ಅಷ್ಟೇ.

ಎರಡನೆಯ ಕಾರಣ, ದುಡಿಮೆಯ ಗುರುತು. ದೊಡ್ಡ ಮೊಕದ್ದಮೆ ಗೆದ್ದಾಗ, ಸ್ವಂತ ಆಸ್ಪತ್ರೆ ತೆರೆದಾಗ, ಬಡ್ತಿ ಬಂದಾಗ, ನಿವೃತ್ತರಾದಾಗ ಜನ ತಮಗೆ ತಾವೇ ಏನಾದರೂ ಕೊಟ್ಟುಕೊಳ್ಳಲು ಬಯಸುತ್ತಾರೆ. ಕಚೇರಿಗೆ ಹೋಗುವ ಗಂಡಸು ಉಂಗುರ ಬಿಟ್ಟರೆ ತೊಡಬಹುದಾದ ಒಡವೆ ವಾಚೊಂದೇ. ಈಗ ಹೆಣ್ಣುಮಕ್ಕಳೂ ತಮ್ಮ ಸಂಬಳದಲ್ಲಿ ಇಂಥ ವಾಚು ಕೊಳ್ಳುತ್ತಿದ್ದಾರೆ. ಅದು ಬಳುವಳಿಯಾಗಿ ಬಂದ ಒಡವೆಯ ಹಾಗಲ್ಲ. ಸ್ವಂತ ದುಡಿಮೆಯದು.

ಮೂರನೆಯ ಕಾರಣ ನನಗೆ ಎಲ್ಲಕ್ಕಿಂತ ಹಿಡಿಸಿದ್ದು. ಅದು ಕುಶಲ ಕೆಲಸದ ಮೇಲಿನ ಗೌರವ. ಒಂದು ಕೀ ವಾಚಿನ ಒಳಗೆ ನೂರಕ್ಕೂ ಮಿಕ್ಕಿ ಬಿಡಿಭಾಗಗಳಿರುತ್ತವೆ. ಪುಟ್ಟ ಚಕ್ರವೊಂದು ಸೆಕೆಂಡಿಗೆ ಆರೋ ಎಂಟೋ ಸಲ ಆಚೀಚೆ ತೂಗುತ್ತದೆ. ಸೆಲ್ಲಿಲ್ಲ, ವಿದ್ಯುತ್ತಿಲ್ಲ. ಸುತ್ತಿಟ್ಟ ಒಂದು ಸ್ಪ್ರಿಂಗ್ ಬಿಚ್ಚಿಕೊಳ್ಳುವ ಬಲವೇ ಎಲ್ಲ. ಬೆರಳ ತುದಿಯ ಸೂಕ್ಷ್ಮದಿಂದ ಬದುಕುವ ಶಸ್ತ್ರವೈದ್ಯರಿಗೆ ಇದರ ಬೆಲೆ ಚೆನ್ನಾಗಿ ಗೊತ್ತು. ಬೆಂಗಳೂರಿನ ಸಾಫ್ಟ್‌ವೇರ್ ಉದ್ಯೋಗಿಗಳಲ್ಲೂ ಇಂಥ ವಾಚುಗಳ ಹುಚ್ಚು ಹಿಡಿದವರಿದ್ದಾರೆ. ಅವರು ಬರೆದ ಪ್ರೋಗ್ರಾಂ ಕೈಗೆ ಸಿಗುವ ವಸ್ತುವಲ್ಲ. ಕೆಲವೇ ವರ್ಷಗಳಲ್ಲಿ ಅದು ಹಳತಾಗಿ ಮೂಲೆ ಸೇರುತ್ತದೆ. ಐವತ್ತು ವರ್ಷ ನಡೆಯುವ, ಬಿಚ್ಚಿ ರಿಪೇರಿ ಮಾಡಬಹುದಾದ ಯಂತ್ರವೊಂದು ಅವರನ್ನು ಸೆಳೆದರೆ ಆಶ್ಚರ್ಯವಿಲ್ಲ.

ವಿಶ್ವಾಸ, ದುಡಿಮೆಯ ಗುರುತು, ಕುಶಲತೆಯ ಗೌರವ, ಈ ಮೂರು ಕಾರಣಗಳಾದವು. ಇವುಗಳ ಜೊತೆಗೆ ಜಾಹೀರಾತಿನ ಬಲವೂ ಇದೆ. ಟೆನಿಸ್ ಆಟಗಾರರು, ಸಿನಿಮಾ ನಟರು ಕಟ್ಟಿಕೊಳ್ಳುವ ಎಷ್ಟೋ ವಾಚುಗಳ ಹಿಂದೆ ಒಪ್ಪಂದವಿರುತ್ತದೆ. ಅದು ಅವರ ಆಯ್ಕೆ ಎಂದು ನಾವು ನಂಬಿ ಮೋಸ ಹೋಗಬಾರದು.

ಇನ್ನೊಂದು ಮುಖವನ್ನೂ ಹೇಳಲೇಬೇಕು. ಸೆಕೆಂಡಿನ ಮುಳ್ಳು ಇಂದಿಗೂ ನಿಜವಾಗಿ ಬೇಕಾದವರು ಯಾರು? ವಾರ್ಡಿನಲ್ಲಿ ನಾಡಿ ಹಿಡಿಯುವ, ಡ್ರಿಪ್ಪಿನ ಹನಿ ಎಣಿಸುವ ನರ್ಸ್. ಅವರ ಹತ್ತಿರ ಇರುವುದು ಹೆಚ್ಚಾಗಿ ಕೆಲವು ನೂರು ರೂಪಾಯಿಯ ವಾಚು. ಸೋಂಕಿನ ಭಯದಿಂದ ಶಸ್ತ್ರವೈದ್ಯರು ಆಪರೇಷನ್ ಥಿಯೇಟರಿಗೆ ಹೋಗುವ ಮುಂಚೆ ವಾಚು ಬಿಚ್ಚಿಡಲೇಬೇಕು. ಬ್ರಿಟನ್ನಿನಲ್ಲಿ ನರ್ಸುಗಳು ವಾಚನ್ನು ಎದೆಯ ಮೇಲೆ ತಲೆಕೆಳಗಾಗಿ ಪಿನ್ ಮಾಡಿಕೊಳ್ಳುವ ರೂಢಿಯಿದೆ. ಬಗ್ಗಿ ನೋಡಿದಾಗ ಅದು ನೇರವಾಗಿ ಕಾಣುತ್ತದೆ. ಎಂದರೆ ಕೆಲಸದ ಅಗತ್ಯಕ್ಕೂ ವಾಚಿನ ಬೆಲೆಗೂ ಇಂದು ಸಂಬಂಧ ಕಡಿದುಹೋಗಿದೆ.

ಸಾರ್ವಜನಿಕ ಸೇವೆಯಲ್ಲಿರುವವರ ಮಾತು ಇನ್ನೂ ಸೂಕ್ಷ್ಮ. 2016ರಲ್ಲಿ ನಮ್ಮ ರಾಜ್ಯದ ರಾಜಕೀಯದಲ್ಲೇ ಒಂದು ದುಬಾರಿ ಕೈಗಡಿಯಾರ ದೊಡ್ಡ ಚರ್ಚೆಯಾಯಿತು. ಜನಪ್ರತಿನಿಧಿಯೊಬ್ಬರಿಗೆ ಉಡುಗೊರೆಯಾಗಿ ಬಂದ ಆ ವಾಚನ್ನು ಕೊನೆಗೆ ಸರ್ಕಾರದ ಆಸ್ತಿಯೆಂದು ವಿಧಾನಸಭಾಧ್ಯಕ್ಷರಿಗೆ ಒಪ್ಪಿಸಲಾಯಿತು. ವಕೀಲರ ಕೈಯಲ್ಲಿ ವಿಶ್ವಾಸ ಹುಟ್ಟಿಸುವ ವಾಚು ಜನಪ್ರತಿನಿಧಿಯ ಕೈಯಲ್ಲಿ ಪ್ರಶ್ನೆ ಹುಟ್ಟಿಸುತ್ತದೆ. ಜನ ಹಾಗೆ ಕೇಳುವುದು ಸರಿಯಾಗಿಯೇ ಇದೆ.

ಕೊನೆಯದಾಗಿ ನಮ್ಮ ಬೆಂಗಳೂರಿನ ವಾಚಿನ ಮಾತು. 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ನೆರವಿನಿಂದ ಎಚ್.ಎಂ.ಟಿ. ಇಲ್ಲಿ ಕೈಗಡಿಯಾರ ತಯಾರಿಕೆ ಆರಂಭಿಸಿತು. ಅದರ ವಾಚುಗಳ ಹೆಸರು ನೆನಪಿಸಿಕೊಳ್ಳಿ. ಜನತಾ, ಪೈಲಟ್, ಜವಾನ್. ಕೊನೆಯ ಎರಡರಲ್ಲಿ ವೃತ್ತಿಯ ಗೌರವವೇ ಹೆಸರಾಗಿ ನಿಂತಿದೆ. ಕಣ್ಣು ಕಾಣದವರಿಗಾಗಿ ಅದು ಬ್ರೈಲ್ ವಾಚನ್ನೂ ಮಾಡಿತು. ಗಾಜಿನ ಮುಚ್ಚಳ ಎತ್ತಿ ಮುಳ್ಳುಗಳನ್ನೂ ಉಬ್ಬು ಚುಕ್ಕೆಗಳನ್ನೂ ಬೆರಳಿನಿಂದ ಮುಟ್ಟಿ ಸಮಯ ತಿಳಿಯಬಹುದಿತ್ತು. ಸಂಬಳಕ್ಕೆ ದುಡಿಯುವ ಮೇಷ್ಟರಿಗೆ, ಗುಮಾಸ್ತರಿಗೆ, ಕಂಡಕ್ಟರಿಗೆ ಆ ವಾಚೇ ಐಷಾರಾಮ. 2016ರಲ್ಲಿ ಕೇಂದ್ರ ಸರ್ಕಾರ ಆ ವಾಚು ಕಂಪನಿಯನ್ನು ಮುಚ್ಚಲು ತೀರ್ಮಾನಿಸಿತು. ಆದರೆ ಅದು ಮಾಡಿದ ವಾಚುಗಳು ಇಂದಿಗೂ ಎಷ್ಟೋ ಕೈಗಳಲ್ಲಿ ನಡೆಯುತ್ತಿವೆ.

ಶ್ರೋತೃಗಳೇ, ಇಷ್ಟು ಹೊತ್ತು ಹೇಳಿದ್ದನ್ನು ಎರಡು ಮಾತಿನಲ್ಲಿ ಮುಗಿಸುತ್ತೇನೆ. ಬೆಲೆಬಾಳುವ ವಾಚುಗಳ ಗೌರವ ಅವನ್ನು ಕಟ್ಟಿಕೊಂಡು ದುಡಿದವರಿಂದ ಬಂದದ್ದು. ಹಣ ಕೊಟ್ಟರೆ ವಾಚು ನಮ್ಮದಾಗುತ್ತದೆ, ಆ ಗೌರವವನ್ನು ಮಾತ್ರ ನಮ್ಮ ಕೆಲಸದಿಂದಲೇ ಗಳಿಸಬೇಕು.

ಕೊಳ್ಳುವ ಶಕ್ತಿ ಇರುವವರಲ್ಲಿ ನನ್ನ ಮನವಿ ಇದು. ಸಾಲ ಮಾಡಿ ವಾಚು ಕೊಳ್ಳಬೇಡಿ. ಯಾವ ಕೆಲಸಕ್ಕಾಗಿ ಅದು ಹುಟ್ಟಿತು ಎಂದು ತಿಳಿದುಕೊಂಡು ಕೊಳ್ಳಿ. ಕೊಂಡದ್ದನ್ನು ಲಾಕರಿನಲ್ಲಿಡದೆ ದಿನವೂ ಕಟ್ಟಿಕೊಂಡು ಕೆಲಸಕ್ಕೆ ಹೋಗಿ. ಉಳಿದವರಲ್ಲಿಯೂ ಒಂದು ಕೋರಿಕೆ. ನಿಮ್ಮ ಮನೆಯ ಬೀರುವಿನಲ್ಲಿ ಕೀ ಕೊಡುವ ಹಳೆಯ ವಾಚೊಂದು ನಿಂತುಹೋಗಿದ್ದರೆ ಎಸೆಯಬೇಡಿ. ಊರಿನ ವಾಚು ರಿಪೇರಿಯವರ ಬಳಿ ತೆಗೆದುಕೊಂಡು ಹೋಗಿ. ಬಿಚ್ಚಿ, ತೊಳೆದು, ಎಣ್ಣೆ ಹಾಕಿದರೆ ಅಂಥ ಎಷ್ಟೋ ವಾಚುಗಳು ಮತ್ತೆ ನಡೆಯುತ್ತವೆ. ಅದನ್ನು ಬಲ್ಲ ಕಸುಬುದಾರರು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿದ್ದಾರೆ. ಅವರು ಅಂಗಡಿ ಮುಚ್ಚುವ ಮುಂಚೆ ಈ ಕೆಲಸ ಮಾಡಿಸಿಕೊಳ್ಳಿ.